ಫರ್ಸಿ ಕಲ್ಲಿನ ಮೇಲೆ ಶರಣಬಸಮ್ಮನ ಮುಖ

ನಮ್ಮ ಶಹಾಬಾದದ ಖಣಿ ಓಣಿಯಲ್ಲಿ ಕಲ್ಯಾಣಪ್ಪ ಕಾಕಾನನ್ನು ಹಗಲು ಹೊತ್ತಿನಲ್ಲಿ ನೋಡಿದವರು ಕಡಿಮೆ. ಕೋಳಿ ಕೂಗುವ ಮೊದಲೇ ರೊಟ್ಟಿ ಗಂಟು ಹಿಡಿದು ಖಣಿಗೆ ಇಳಿದರೆ ಹೊಳ್ಳಿ ಬರುವುದು ದೀಪ ಹಚ್ಚಿದ ಮೇಲೆ. ನೆಲದೊಳಗಿನ ಫರ್ಸಿ ಕಲ್ಲನ್ನು ಪದರು ಪದರಾಗಿ ಬಿಡಿಸಿ ಮೇಲೆ ತರುವುದು ಅವನ ಕೆಲಸ. ಆ ಕಲ್ಲು ರೈಲು ಹತ್ತಿ ಎಲ್ಲೆಲ್ಲಿಗೋ ಹೋಗಿ ದೊಡ್ಡವರ ಮನೆಯ ನೆಲವಾಗುತ್ತಿತ್ತು. ನಮ್ಮ ಮನೆಗಳಲ್ಲಿ ಸೆಗಣಿ ಸಾರಿಸಿದ ನೆಲವೇ. ಇದು ನಿಜಾಮರ ಕಾಲದ ಮಾತು, ರಜಾಕಾರರ ಗದ್ದಲಕ್ಕೆ ಒಂದು ಹತ್ತು ವರ್ಷ ಮೊದಲು.

ಒಂದು ಮಳೆಗಾಲದಲ್ಲಿ ಕಲ್ಲಿನ ಹಲಗೆ ಎತ್ತುವಾಗ ಕೆಸರಿನಲ್ಲಿ ಜಾರಿ ಅದು ಅವನ ಬಲಗಾಲಿನ ಮೇಲೆ ಕೂತಿತು. ಯಾರ ತಪ್ಪೂ ಅಲ್ಲ. ಪಾದ ಚಪ್ಪಟೆಯಾಯಿತು. ಐವತ್ತೈದು ದಾಟಿದ ಮನುಷ್ಯ, ಬಡಿಗೆ ಊರಿಕೊಂಡು ಮನೆಯ ಮುಂದಿನ ಕಟ್ಟೆ ಹಿಡಿದ. ದುಡಿದವನಿಗೆ ಕೂತು ಉಣ್ಣುವುದು ಬರುವುದಿಲ್ಲ. ಹೋಗುವ ಬರುವ ಆಡುಗಳನ್ನು ಬೈಯುತ್ತಿದ್ದ, ಹೆಂಡತಿಯನ್ನು ಬೈಯುತ್ತಿದ್ದ, ಕೊನೆಗೆ ಯಾರೂ ಸಿಗದಿದ್ದರೆ ತನ್ನ ಕಾಲನ್ನೇ ಬೈಯುತ್ತಿದ್ದ.

ಅವನನ್ನು ಆ ಬೈಗಳದಿಂದ ಬಿಡಿಸಿದವನು ಹಾಜಿಸಾಬ. ಸ್ಟೇಷನ್ ರಸ್ತೆಯಲ್ಲಿ ತಗಡಿನ ಟ್ರಂಕು ಮಾಡಿ, ಅವುಗಳ ಮುಚ್ಚಳದ ಮೇಲೆ ಹೂ ಬಳ್ಳಿ ಬರೆಯುವ ಮುದುಕ. ಇಬ್ಬರೂ ಒಂದೇ ವಾರಿಗೆಯವರು. ಒಂದು ದಿನ ಡಬ್ಬಿಯ ತಳದಲ್ಲಿ ಉಳಿದ ಬಣ್ಣ, ಕೂದಲು ಉದುರಿದ ಒಂದು ಕುಂಚ ತಂದು ಕಟ್ಟೆಯ ಮೇಲೆ ಇಟ್ಟ.

"ತಗೋ ಕಲ್ಯಾಣಪ್ಪ. ಕಲ್ಲು ಬಡದು ಬಡದು ನಿನ್ನ ಕೈನೂ ಕಲ್ಲಾಗ್ಯಾವ. ಒಂದಿಷ್ಟು ಮೆತ್ತಗ ಮಾಡ್ಕೊ."

"ನಾ ಏನ್ ಹುಡುಗನೇನೋ ಹಾಜಿ, ಬಣ್ಣ ಆಡ್ಲಿಕ್ಕ?"

"ಹುಡುಗ ಅಲ್ಲ, ಮುದುಕ. ಅದಕ್ಕ ಕೊಡಾಕತ್ತೀನಿ. ಹುಡುಗಗ ಬ್ಯಾರೆ ಕೆಲಸ ಇರ್ತಾವ."

ಯಾರೂ ಕೊಳ್ಳದ ಒಡಕು ಫರ್ಸಿಗಳಿಗೆ ನಮ್ಮಲ್ಲಿ ಬರವಿಲ್ಲ. ಕಾಕಾ ಅವುಗಳ ಮೇಲೆ ಬರೆಯಲು ಹತ್ತಿದ. ಮೊದಲ ಹೂವನ್ನು ನೋಡಿ ಅವನ ಹೆಂಡತಿ ಶರಣಬಸಮ್ಮ ಒಳಗಿನಿಂದಲೇ ಕೇಳಿದಳು:

"ಇದೇನ್ರಿ, ಗುಲಾಬಿನೋ ಉಳ್ಳಾಗಡ್ಡಿನೋ?"

"ನಿನಗ ಏನ್ ತಿಳೀತದ? ಹೋಗು, ರೊಟ್ಟಿ ಬಡಿ."

"ಬಡೀತೀನಿ. ನನ್ನ ರೊಟ್ಟಿ ನಿಮ್ಮ ಹೂವಿಗಿಂತ ಗುಂಡಗ ಬರ್ತದ, ಅದಕ್ಕ ಕೇಳಿದೆ."

ಓಣಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಹೂ ಹೂವಾಯಿತು, ಎತ್ತು ಎತ್ತಾಯಿತು, ವಾಡಿ ಕಡೆಯಿಂದ ಬರುವ ಮೇಲ್ ಗಾಡಿಯ ಇಂಜಿನ್ನು ಹೊಗೆ ಸಮೇತ ಕಲ್ಲಿನ ಮೇಲೆ ನಿಂತಿತು. ಬಣ್ಣ ಸಾಲದಿದ್ದರೆ ಶರಣಬಸಮ್ಮ ಕೆಮ್ಮಣ್ಣು ಅರೆದು ಕೊಡುತ್ತಿದ್ದಳು. ಓಣಿಯ ಮಂದಿ ಆಡಿಕೊಂಡರು: "ಕಲ್ಲು ಕಾಲಿಗಷ್ಟೇ ಬಿದ್ದಿಲ್ಲ, ತಲಿಗೂ ಬಡದದ." ನನಗೆ ಸಿಟ್ಟು ಬರುವುದು ಇಂಥವರ ಮೇಲೆಯೇ. ಮುದುಕ ಶೇಂದಿ ಅಂಗಡಿಯಲ್ಲಿ ಬಿದ್ದಿದ್ದರೆ ಒಬ್ಬನೂ ತುಟಿ ಬಿಚ್ಚುತ್ತಿರಲಿಲ್ಲ, ಎತ್ತಿಕೊಂಡು ಬಂದು ಮಲಗಿಸುತ್ತಿದ್ದರು. ಕುಂಚ ಹಿಡಿದದ್ದೇ ಇವರಿಗೆ ದೊಡ್ಡ ಹುಚ್ಚಾಗಿ ಕಂಡಿತು.

ಮರುವರ್ಷ ಭಾದ್ರಪದದಲ್ಲಿ ವಾಂತಿಭೇದಿ ಬಂತು. ಮುಂಜಾನೆ ನೀರಿಗೆ ಹೋಗಿ ಬಂದ ಶರಣಬಸಮ್ಮ ಮರುದಿನ ಮಧ್ಯಾಹ್ನಕ್ಕೆ ಇರಲಿಲ್ಲ.

ಅವರಿಗೆ ಇದ್ದವಳು ಒಬ್ಬಳೇ ಮಗಳು ನೀಲಾಬಾಯಿ, ಚಿತ್ತಾಪುರಕ್ಕೆ ಕೊಟ್ಟಿದ್ದರು. ಅವಳು ಆಗ ಹಸಿ ಬಾಣಂತಿ. ಹಸಿ ಮೈಯವಳನ್ನು ಸಾವಿನ ಮನೆಗೆ ಕಳಿಸುವುದಿಲ್ಲ ಎಂದು ಅವಳ ಅತ್ತೆ ಬಾಗಿಲಿಗೆ ಅಡ್ಡ ಕೂತಳಂತೆ. ಹೀಗಾಗಿ ತಾಯಿಯ ಮಣ್ಣಿಗೆ ಮಗಳು ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಹಣೆತುಂಬ ವಿಭೂತಿ ಹಚ್ಚುತ್ತಾರೆ. ಮುಂದೆ ಭಜನೆಯವರು ಕೂಡುತ್ತಾರೆ. ಕಾಕಾ ಅವಳ ಎದುರಿಗೆ ಕೂತ. ಹೊತ್ತು ಇಳಿಯುವ ತನಕ ಕದಲಲಿಲ್ಲ, ಅಳಲೂ ಇಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಎಬ್ಬಿಸಲು ಹೋದವನಿಗೆ "ತಡಿಯೋ" ಅಂದ, ಅಷ್ಟೇ.

ತಿಂಗಳೊಪ್ಪತ್ತು ಕಳೆದು ನೀಲಾಬಾಯಿ ಕೂಸು ಎತ್ತಿಕೊಂಡು ಬಂದಳು. ಬಾಗಿಲೊಳಗೆ ಬಂದವಳೇ ತಾಯಿಯನ್ನು ಕೂಡಿಸಿದ್ದ ಗೋಡೆಗೆ ಹಣೆ ಹಚ್ಚಿ ಅತ್ತಳು. ಸಮಾಧಾನವಾದ ಮೇಲೆ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಫರ್ಸಿಗಳನ್ನು ನೋಡುತ್ತ ಬಂದಳು. ಎತ್ತು, ಬೇವಿನ ಗಿಡ, ಇಂಜಿನ್ನು.

"ಎಪ್ಪಾ, ಇಷ್ಟೆಲ್ಲಾ ಬರದೀದಿ. ಅವ್ವನ್ನ ಬರೀಲಿಲ್ಲೇನು?"

ಕಾಕಾ ಇಂಜಿನ್ನಿನ ಫರ್ಸಿಯ ಮೇಲಿನ ಧೂಳು ಒರೆಸಿದ.

"ನಾ ಅವ್ವನ ಮಾರಿ ಕಡೀಕ ನೋಡ್ಲಿಲ್ಲ. ಕೂಸಿಗೆ ಇಕಿ ನಿಮ್ಮವ್ವನ ಅವ್ವ ಅಂತ ತೋರಸ್ಲಿಕ್ಕ ನನ್ನ ಕಡೆ ಏನದ? ನನಗೊಂದು ಬರದು ಕೊಡು. ಮತ್ತೇನೂ ಕೇಳಂಗಿಲ್ಲ ನಿನಗ."

"ಬರೀತೀನಿ," ಅಂದ ಕಾಕಾ. "ವರ್ಷದ ಪೂಜಿಗೆ ಬಾ. ಕೊಡ್ತೀನಿ."

ಫೋಟೋ ಎಂಬುದನ್ನು ನಮ್ಮ ಓಣಿಯ ಹೆಣ್ಣುಮಕ್ಕಳು ಯಾರೂ ತೆಗೆಸಿಕೊಂಡಿರಲಿಲ್ಲ. ಅದಕ್ಕೆ ಕಲಬುರಗಿಗೆ ಹೋಗಬೇಕು, ಮೇಲಾಗಿ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಹಾಗಾಗಿ ಶರಣಬಸಮ್ಮನ ಮುಖ ಇದ್ದರೆ ಕಾಕಾನ ತಲೆಯೊಳಗೆ ಇರಬೇಕು. ಅವನು ಚಲೋ ನುಣುಪಿನ ಒಂದು ಫರ್ಸಿ ಆರಿಸಿ, ತೊಳೆದು, ಮುಂದಿಟ್ಟುಕೊಂಡು ಕೂತ. ಕೂತೇ ಇದ್ದ.

ಬದುಕಿದ್ದವಳ ಮುಖ ಅಲ್ಲಿ ಇರಲಿಲ್ಲ.

ಇದನ್ನು ಕೇಳಿ ನಗುವವರು ನಗಲಿ. ಅವನ ಮದುವೆಯಾದಾಗ ಮನೆಯಲ್ಲಿ ಅಪ್ಪ ಅವ್ವ, ಅಣ್ಣ ಅತ್ತಿಗೆ. ಹಿರಿಯರ ಎದುರಿಗೆ ಹೆಂಡತಿಯ ಮುಖ ನೋಡುವುದು, ಮಾತಾಡಿಸುವುದು ನಾಚಿಕೆಗೇಡು. ಅವಳ ತಲೆಯ ಮೇಲೆ ಸೆರಗು, ಅವನ ಕಣ್ಣು ನೆಲದ ಮೇಲೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು. ಹಿರಿಯರು ಒಬ್ಬೊಬ್ಬರಾಗಿ ಹೋದ ಮೇಲೂ ರೂಢಿ ಹೋಗಲಿಲ್ಲ. ಕಾಲು ಮುರಿದು ಕೂತ ಮೇಲೆ ಅವಳು ಹೊಸ್ತಿಲ ಆಚೆ, ಇವನು ಈಚೆ. ಮಾತು, ನಗೆ ಎಲ್ಲ ಗೋಡೆಯ ಆಚೆಯಿಂದ. ಅವಳ ಕೈ ಗೊತ್ತು, ಕಾಲುಂಗುರ ಗೊತ್ತು, ಬಳೆಯ ಸಪ್ಪಳ ಗೊತ್ತು. ಮುಖ ಗೊತ್ತಿಲ್ಲ. ನಮ್ಮ ಖಣಿಯವರಲ್ಲಿ ಎಷ್ಟೋ ಗಂಡಸರ ಪಾಡು ಇದೇ, ಆದರೆ ಅವರಿಗೆ ಅದು ಗೊತ್ತಾಗುವುದೇ ಇಲ್ಲ. ಇವನಿಗೆ ಕುಂಚದಿಂದ ಗೊತ್ತಾಯಿತು.

ಬಡಿಗೆ ಹಿಡಿದು ಮನೆಮನೆ ಕೇಳಿಕೊಂಡು ಬಂದ. ಪಕ್ಕದ ಮನೆಯ ಯಂಕಮ್ಮ ಅವಳ ಜೋಡಿ ಇಪ್ಪತ್ತು ವರ್ಷ ನೀರು ತಂದವಳು.

"ಆಕಿ ಮಾರಿ ಹೆಂಗಿತ್ತವ್ವ ಯಂಕಮ್ಮ?"

"ಅಯ್ಯ, ಅಂಥಾ ಹೆಣಮಗಳು ಎಲ್ಲಿ ಸಿಗ್ತಾಳ್ರಿ ಅಣ್ಣಾ! ಆಕಿ ರೊಟ್ಟಿ ಏನ್ ತೆಳ್ಳಗ..."

"ಮಾರಿ ಕೇಳಿದೆ."

"ಮಾರಿ..." ಯಂಕಮ್ಮ ಕೊಡ ಕೆಳಗಿಟ್ಟಳು. "ಮಾರಿ ಎಲ್ಲಾರ್ದೂ ಇದ್ದಂಗ ಇತ್ತು. ಲಕ್ಷಣ ಇತ್ತು. ನೀವ್ ಗಂಡ, ನನಗ ಕೇಳ್ತೀರಲ್ಲ!"

ಹಾಜಿಸಾಬನ ಅಂಗಡಿಗೂ ಹೋದ, ಮುಖ ಬರೆಯುವುದನ್ನು ಕಲಿಸು ಎಂದು. ಹಾಜಿಸಾಬ ಎರಡೂ ಕೈ ಕಿವಿಗೆ ಹಚ್ಚಿದ.

"ತೋಬಾ! ಹೂ ಕೇಳು, ಬಳ್ಳಿ ಕೇಳು, ಕಲಿಸ್ತೀನಿ. ಜೀವ ಇದ್ದದ್ದು ನಾ ಬರೆಂಗಿಲ್ಲ. ನಾಳಿಗೆ ಖುದಾ ನನ್ನ ನಿಂದ್ರಿಸಿ, ಬರದೀದಲ್ಲ, ಈಗ ಜೀವ ತುಂಬು ಅಂದ್ರ ಏನ್ ಮಾಡ್ಲಿ?"

"ನನಗ ಜೀವ ಬ್ಯಾಡೋ ಹಾಜಿ. ಕಣ್ಣು ತೆರದ್ರ ಸಾಕು."

ಕೊನೆಗೆ ತನಗೆ ಗೊತ್ತಿದ್ದದ್ದನ್ನೇ ಬರೆದ. ಜೀವಮಾನದಲ್ಲಿ ಅವಳ ಮುಖವನ್ನು ನೆಟ್ಟಗೆ ಅವನು ನೋಡಿದ್ದು ಒಂದೇ ದಿನ. ಮೂಗು ಬಂತು, ಗಲ್ಲ ಬಂತು, ತುಟಿಯ ಬಿಗಿ ಬಂತು, ಎಲ್ಲ ತಪ್ಪದೆ ಬಂತು. ಕಣ್ಣು ಮುಚ್ಚಿತ್ತು. ಓಣಿಯ ಅಯ್ಯನವರು ರೇವಣಸಿದ್ದಯ್ಯ ಭಿಕ್ಷೆಗೆ ಬಂದವರು ನೋಡಿ ಜೋಳಿಗೆ ಸರಿಸಿಕೊಂಡರು.

"ಕಲ್ಯಾಣಪ್ಪ, ಇದು ಹೆಣ ಅಲ್ಲೇನೋ? ಇದನ್ನ ಬಾಣಂತಿ ಮನಿಗಿ ಕೊಡ್ತೀ?"

ಕಾಕಾ ರೆಪ್ಪೆಯ ಮೇಲೆ ಕಣ್ಣು ಬರೆದು ನೋಡಿದ. ಎತ್ತಿನ ಕಣ್ಣು ಬಂದವು. ಒರೆಸಿದ. ಮತ್ತೆ ಬರೆದ, ಯಾರವೋ ಕಣ್ಣು. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಬರೆಯುವುದು ಒರೆಸುವುದು, ಇದೇ.

ವರ್ಷದ ಪೂಜೆಗೆ ಶರಣಬಸಮ್ಮನ ತಂಗಿ ಸೂಗಮ್ಮ ಸೇಡಮಿನಿಂದ ಬಂದಳು. ಗಂಡ ಸತ್ತು ಮೈದುನ ನಾಗೇಂದ್ರಪ್ಪನ ಮನೆಯಲ್ಲಿ ದುಡಿದು ಉಣ್ಣುವವಳು, ನಲವತ್ತು ದಾಟಿತ್ತು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ಯಂಕಮ್ಮ ಹೌಹಾರಿ "ಅಯ್ಯಯ್ಯ, ಥೇಟ್ ಅಕ್ಕನೇ" ಅಂದಳು. ಕಾಕಾನಿಗೆ ಅದೇ ಸಾಕಾಯಿತು. ನೀಲಾಬಾಯಿಯ ಕೂಸಿಗೆ ಜ್ವರ ಬಂದು ಅವಳು ಪೂಜೆಗೆ ಬಂದಿರಲಿಲ್ಲ, ಹುಣ್ಣಿಮೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಚಿತ್ರ ಮುಗಿಸಲು ಸಮಯವಿತ್ತು.

"ಸೂಗಮ್ಮ, ನಾಕು ದಿನ ಇರವ್ವ. ನಿಮ್ಮ ಅಕ್ಕನ ಕಣ್ಣು ಬರೀಬೇಕು. ನಿನ್ನ ನೋಡಿ ಬರೀತೀನಿ."

"ನನ್ನ ಏನ್ ನೋಡ್ತೀರಿ ಮಾವ, ಸುಟ್ಟ ಬದನಿಕಾಯಿಯಂಥ ಮಾರಿ."

"ನೀಲಾಗ ಮಾತು ಕೊಟ್ಟೀನಿ."

ಅವಳು ಒಪ್ಪಿದಳು. ಒಳಗೆ ಕೂಡಿಸಿದರೆ ಮಂದಿ ಬೇರೆ ತಿಳಿದಾರು ಎಂದು ಕಾಕಾ ಕಟ್ಟೆಯ ಮೇಲೆಯೇ, ಹಗಲು ಬೆಳಕಿನಲ್ಲಿ, ಓಣಿಗೆಲ್ಲ ಕಾಣುವ ಹಾಗೆ ಕೂಡಿಸಿದ. ಕಲ್ಲು ಥಂಡಿ ಎಂದು ಒಳಗಿನಿಂದ ಮಣೆ ತರಿಸಿ ಹಾಕಿದ. ಸೆರಗು ಹಿಂದೆ ಸರಿಸು ಅಂದ, ಮುಖ ಎತ್ತು ಅಂದ, ನನ್ನನ್ನೇ ನೋಡು ಅಂದ. ಅವನ ಬುದ್ಧಿ ಅಷ್ಟೇ ಓಡಿತ್ತು. ಮಣೆಯ ಮೇಲೆ ಕೂತ ಹೆಣ್ಣು, ಎತ್ತಿದ ಮುಖ, ಎದುರಿಗೆ ಕೂತು ನೋಡುವ ಗಂಡಸು. ನಮ್ಮ ಮಂದಿ ಇದನ್ನು ಜನ್ಮದಲ್ಲಿ ಒಂದೇ ಕೆಲಸಕ್ಕೆ ಕಂಡಿದ್ದಾರೆ, ಹೆಣ್ಣು ನೋಡುವ ಕೆಲಸಕ್ಕೆ. ಕಟ್ಟೆಯ ಮುಂದೆ ಹೋಗುವವರ ನಡಿಗೆ ನಿಧಾನವಾಯಿತು. ಮೂರನೆಯ ದಿನಕ್ಕೆ ಸುದ್ದಿ ರೈಲು ಹತ್ತಿ ಸೇಡಮ್ ಮುಟ್ಟಿತು.

ಸೂಗಮ್ಮನಿಗೆ ಗೊತ್ತಾಗದೆ ಇತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಅವಳು ಏಳಲಿಲ್ಲ. ಒಂದು ಸಲ ಕೇಳಿದಳಂತೆ, "ಮಾವ, ಕಣ್ಣಿಗ ಕಪ್ಪು ಹೆಚ್ಚಾತೇನು? ನನ್ನವು ಸ್ವಲ್ಪ ಕಂದು ಅಂತಿದ್ದಳು ನಮ್ಮವ್ವ."

ನಾಗೇಂದ್ರಪ್ಪ ಬಂದ ದಿನ ಜಗಳ ಆಗುತ್ತದೆಂದು ಓಣಿಯೆಲ್ಲ ಕೂಡಿತ್ತು. ನಾನೂ ತೋಳು ಏರಿಸಿಕೊಂಡೇ ಹೋಗಿದ್ದೆ. ಆತ ಬೈಯಲಿಲ್ಲ. ಕಂಕುಳಲ್ಲಿ ಒಂದು ಹೊಸ ಸೀರೆ, ಹಿಂದೆ ರೇವಣಸಿದ್ದಯ್ಯ.

"ಶರಣ್ರಿ ಕಲ್ಯಾಣಪ್ಪನವರ. ಹೆಣ್ಣು ಮನಸಿಗೆ ಬಂದದ ಅಂತ ಕೇಳಿದೆವು. ಭಾಳ ಚಲೋ ಆತು."

"ಎಂಥಾ ಹೆಣ್ಣು? ನಾ ಚಿತ್ರ ಬರಿಲಿಕತ್ತೀನಿ."

"ಮಣಿ ಹಾಕೀರಿ. ಮಾರಿ ಎತ್ತಿಸಿ ನೋಡೀರಿ. ಅದೂ ಒಂದಿನ ಅಲ್ಲ. ನಮ್ಮಲ್ಲಿ ಇದಕ್ಕ ಏನಂತಾರ, ಅಯ್ಯನವರ, ನೀವೇ ಹೇಳ್ರಿ."

ಅಯ್ಯನವರು ಕೆಮ್ಮಿದರು. "ಹೆಣ್ಣು ನೋಡೋದು ಅಂತಾರ."

"ಉಡಕಿ ಮಾಡ್ಕೊಳ್ರಿ. ಹೆಂಡ್ತಿ ಸತ್ತವ್ರು ನೀವು, ಗಂಡ ಸತ್ತಾಕಿ ಆಕಿ. ಅಕ್ಕನ ಮನಿಗೇ ತಂಗಿ ಬಂದಂಗಾತು. ಯಾರ ಬ್ಯಾಡ ಅಂತಾರ?"

ಆ ಮನುಷ್ಯನ ಒಳಮಸಲತ್ತು ನನಗೆ ತಕ್ಷಣ ತಿಳಿಯಿತು. ಗಂಡ ಸತ್ತವಳು ಮನೆಯಲ್ಲಿ ಇರುವ ತನಕ ಗಂಡನ ಪಾಲಿನ ಹೊಲ ಅವಳ ಅನ್ನಕ್ಕೆ. ಉಡಕಿಯಾಗಿ, ಅಂದರೆ ಮರುಮದುವೆಯಾಗಿ, ಹೊರಗೆ ಹೋದರೆ ಹೊಲ ಮೈದುನನಿಗೆ. "ಹೊಲಕ್ಕ ಬಂದೀಯೇನೋ ಭಾಡ್ಕೋ" ಎಂದು ನಾನು ಒದರಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಮಣೆಯನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

"ಒಲ್ಲೆ," ಅಂದ ಕಾಕಾ. "ನನ್ನ ಹೆಂಡ್ತಿ ಮಾರಿ ಹುಡಕಾಕತ್ತೀನಿ ನಾ. ಮತ್ತೊಬ್ಬ ಹೆಂಡ್ತಿ ಅಲ್ಲ."

"ಹಂಗಾದ್ರ ನಿಮ್ಮ ಮರ್ಜಿ. ನೋಡಿ ಬಿಟ್ಟ ಹೆಣ್ಣಿನ್ನ ನಾ ಒಳಗ ಕರ್ಕೊಳ್ಳಂಗಿಲ್ಲ. ನನ್ನ ಮನ್ಯಾಗೂ ಹೆಣ್ಣುಮಕ್ಕಳ ಮದಿವಿ ಅವ."

ಸೂಗಮ್ಮ ಇನ್ನೂ ಆ ಮಣೆಯ ಮೇಲೆಯೇ ಇದ್ದಳು. ಸೆರಗು ಮುಖದ ಮೇಲೆ ಎಳೆದುಕೊಂಡು, ಕಾಕಾನಿಗೆ ಮಾತ್ರ ಕೇಳುವ ದನಿಯಲ್ಲಿ ಅಂದಳು. ಹತ್ತಿರವಿದ್ದ ನನಗೂ ಕೇಳಿಸಿತು.

"ಮಾವ, ನೀವು ಒಲ್ಲೆ ಅಂದ್ರ ನನಗಿರೋದು ಖಣಿ ಹೊಂಡ. ನಿಮ್ಮ ಕಡೆ ತಪ್ಪಿಲ್ಲ. ಹೇಳಾಕತ್ತೀನಿ, ಅಷ್ಟೇ."

ಕಾಕಾ ಕುಂಚವನ್ನು ಡಬ್ಬಿಯೊಳಗೆ ಇಟ್ಟ. ಆಮೇಲೆ ಅಯ್ಯನವರಿಗೆ ಆಗಲಿ ಎನ್ನುವಂತೆ ತಲೆ ಆಡಿಸಿದ.

ಉಡಕಿಗೆ ಮುತ್ತೈದೆಯರು ಬರುವುದಿಲ್ಲ, ವಾಲಗವೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಮುಚ್ಚಿ, ಸೀರೆ ಉಡಿಸಿ, ಬಳೆ ತೊಡಿಸಿ ಮುಗಿಸಿದರು. ಹೊರಗೆ ಕೂತ ನಮಗೆ ಒಳಗಿನಿಂದ ಒಂದು ದನಿಯೂ ಕೇಳಲಿಲ್ಲ. ನಾಗೇಂದ್ರಪ್ಪ ಉಂಡು, ಎಲೆಯಡಿಕೆ ಹಾಕಿಕೊಂಡು, ರಾತ್ರಿ ಗಾಡಿ ಹಿಡಿಯಲು ಸ್ಟೇಷನ್ನಿಗೆ ಹೋದ.

ಅದಾದ ಮೇಲೆ ಕಾಕಾ ಚಿತ್ರ ಮುಗಿಸಿದ. ಬಿಡಬಹುದಿತ್ತು, ಬಿಡಲಿಲ್ಲ. ಇಷ್ಟೆಲ್ಲ ಆಗಿದ್ದು ಅದಕ್ಕಾಗಿ, ಅದಾದರೂ ಆಗಲಿ ಎಂಬ ಹಟ. ಕಣ್ಣು ತೆರೆದವು. ನಾನು ನೋಡಿದೆ. ಕಲ್ಲಿನ ಮೇಲಿನ ಹೆಂಗಸು ಈಗ ಮಾತಾಡುತ್ತಾಳೋ ಎನ್ನುವಂತೆ ಇದ್ದಳು. ಎತ್ತು, ಇಂಜಿನ್ನು ಎಲ್ಲ ಅದರ ಮುಂದೆ ಮಕ್ಕಳ ಆಟ.

ಹುಣ್ಣಿಮೆಗೆ ನೀಲಾಬಾಯಿ ಬಂದಳು. ಉಡಕಿಯ ಸುದ್ದಿ ಅವಳಿಗೆ ಮುಟ್ಟಿತ್ತು, ಮುಖ ಗಂಟಿಕ್ಕಿಕೊಂಡೇ ಇದ್ದಳು. ಸೂಗಮ್ಮ ನೀರು ತಂದಿಟ್ಟರೆ ಮುಟ್ಟಲಿಲ್ಲ. ಕಾಕಾ ಬಟ್ಟೆ ಸರಿಸಿ ಫರ್ಸಿ ತೋರಿಸಿದ. ಅವಳು ಕೂಸನ್ನು ಸೊಂಟದ ಮೇಲೆ ಏರಿಸಿಕೊಂಡು ಬಗ್ಗಿ ನೋಡಿದಳು.

"ಇದು ಅವ್ವ ಅಲ್ಲ."

"ನೆಟ್ಟಗ ನೋಡು ಮಗಳ."

"ನೋಡಿದೆ. ಇಕಿ ಚಿಗವ್ವ. ಅವ್ವನ ಕಣ್ಣು ಹಿಂಗ ಇದ್ದುವೇನು? ಅವ್ವನ ಎಡಗಣ್ಣು ಸಣ್ಣದಿತ್ತು. ನಕ್ಕರ ಮುಚ್ಚೇ ಬಿಡ್ತಿತ್ತು. ನಿನಗ ಗೊತ್ತಿಲ್ಲೇನು?"

ಕಾಕಾ ಸೂಗಮ್ಮನ ಕಡೆ ತಿರುಗಿದ. ಅವಳು ನೆಲ ನೋಡುತ್ತ ಹೌದು ಎಂದು ಗೋಣು ಹಾಕಿದಳು.

"ಅವ್ವನ ಹೆಸರಿಲೆ ಚಿಗವ್ವನ್ನ ಮನಿಗಿ ತಂದಿ," ಅಂದಳು ನೀಲಾಬಾಯಿ. "ಚಿತ್ರನೂ ಆಕಿದೇ ಬರದಿ. ಇಟ್ಕೊ." ಬಂದ ಕಾಲಲ್ಲೇ ಹೊಸ್ತಿಲು ಇಳಿದಳು. ನಾನು ಸ್ಟೇಷನ್ ತನಕ ಹಿಂದೆ ಹಿಂದೆ ಹೋಗಿ, ನಡೆದದ್ದು ಹೀಗೆ ಹೀಗೆ ಎಂದು ಹೇಳಿದೆ, ಮಣೆಯಿಂದ ಹಿಡಿದು ಖಣಿ ಹೊಂಡದ ತನಕ. ಅವಳು ಕೇಳಿಸಿಕೊಂಡಳು. "ಮೂವತ್ತೈದು ವರ್ಷ ಬಾಳ್ವೆ ಮಾಡ್ಯಾನ ಅಣ್ಣಾ," ಅಂದಳು. "ಒಂದು ಕಣ್ಣು ಸಣ್ಣದಿತ್ತು ಅಂತ ಗೊತ್ತಿಲ್ಲ." ಗಾಡಿ ಬಂತು, ಹತ್ತಿದಳು.

ನಾನು ಹೊಳ್ಳಿ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತು ಎಡಗಣ್ಣಿಗೆ ಕುಂಚ ಹಚ್ಚಲು ನೋಡುತ್ತಿದ್ದ. ಸೂಗಮ್ಮ ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದಳು: ರೆಪ್ಪೆ ಇನ್ನೊಂದಿಷ್ಟು ಕೆಳಗ್ರಿ, ಮೂಲ್ಯಾಗ ಗೆರಿ ಬೀಳ್ತಿತ್ತು ನೋಡ್ರಿ. ಕಾಕಾನ ಕೈ ಕಲ್ಲಿನ ತನಕ ಹೋಗುತ್ತಿತ್ತು, ನಿಲ್ಲುತ್ತಿತ್ತು.

"ಬ್ಯಾಡ ಸೂಗಮ್ಮ," ಅಂದ ಕಡೆಗೆ. "ನೀ ಹೇಳೋದು ನೀ ನೋಡಿದ್ದು. ಬರದ್ರೂ ಅದು ನಿನ್ನ ಅಕ್ಕ ಆಗ್ತಾಳ. ನನ್ನ ಹೆಂಡ್ತಿನ್ನ ನಾ ನೋಡೇ ಇಲ್ಲ." ಕುಂಚ ಕೆಳಗಿಟ್ಟ. "ಮೊದಲ ಆಕಿ ಸತ್ತು ಕುಂತಿದ್ದ ಮಾರಿನಾದ್ರೂ ಕಣ್ಣಾಗಿತ್ತು. ಈಗ ಅದೂ ಬರವಲ್ದು. ಕಣ್ಣು ಮುಚ್ಚಿದ್ರ ನೀನೇ ಬರ್ತಿ."

ಅವನು ಚಿಂದಿಯನ್ನು ಚಿಮಣಿಯ ಗ್ಯಾಸ್ ಎಣ್ಣೆಯಲ್ಲಿ ಅದ್ದಿ ಕಲ್ಲನ್ನು ಒರೆಸಲು ಕೈ ಚಾಚಿದಾಗ ಸೂಗಮ್ಮ ಹೊಸ್ತಿಲು ದಾಟಿ ಬಂದು ಅವನ ರಟ್ಟೆ ಹಿಡಿದಳು. ಓಣಿಯಲ್ಲಿ, ಹಾಡುಹಗಲು, ಹೆಂಗಸು ಗಂಡಸಿನ ರಟ್ಟೆ ಹಿಡಿದದ್ದು ನಾನು ಅದೇ ಮೊದಲು ನೋಡಿದ್ದು.

"ಒರಸಬ್ಯಾಡ್ರಿ."

"ಯಾಕ? ಅಕ್ಕ ಅಲ್ಲಲ್ಲ ಇದು."

"ಅಕ್ಕ ಅಲ್ಲ. ಇದ್ರಾಗ ನಾ ಇದ್ದೀನಿ. ನನ್ನ ಮಾರಿನ್ನ ಇಷ್ಟು ಹೊತ್ತು ಕುಂತು ಯಾರೂ ನೋಡಿಲ್ಲ, ನನ್ನ ಗಂಡನೂ ನೋಡ್ಲಿಲ್ಲ. ಅಕ್ಕನ ಸಲುವಾಗಿ ನೋಡೀರಿ, ಗೊತ್ತದ. ಆದ್ರೂ ಇದು ನಂದು. ಇದ್ರ ಬೆಲಿ ನಾ ಕೊಟ್ಟೀನಿ."

ಕಾಕಾ ಚಿಂದಿ ಕೆಳಗೆ ಹಾಕಿದ. ಅವಳು ಆ ಭಾರದ ಫರ್ಸಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಇನ್ನೂ ಆರದ ಬಣ್ಣ ಸೀರೆಗೆ ಹತ್ತುತ್ತಿದ್ದರೂ ಲೆಕ್ಕಿಸದೆ, ಒಳಗೆ ಒಯ್ದಳು. ಅವನು ಅವಳ ಹಿಂದೆ ನೋಡಲಿಲ್ಲ. ಬಡಿಗೆ ಎತ್ತಿಕೊಂಡು, ಕಟ್ಟೆ ಇಳಿದು, ಕುಂಟುತ್ತ ಸ್ಟೇಷನ್ ರಸ್ತೆಯ ಕಡೆಗೆ ಹೋದ. ಡಬ್ಬಿ ಕುಂಚಗಳನ್ನು ಹಾಜಿಸಾಬನಿಗೆ ವಾಪಸ್ಸು ಕೊಟ್ಟು ಬರಲು.